ಕಮೋಡೋರ್ 64ರಲ್ಲಿ ಕೊಳಲು: 4 ಬಿಟ್‌ನ ರೆಕಾರ್ಡಿಂಗ್

ಕಮೋಡೋರ್ 64ಕ್ಕೆ ಹಾಡಲು ಬರುತ್ತದೆ, ಕೇಳಿಸಿಕೊಳ್ಳಲು ಬರುವುದಿಲ್ಲ. 1982ರಲ್ಲಿ ಬಂದ ಈ ಯಂತ್ರದ, ಶಬ್ದ ಮಾಡುವ ಸಿಡ್ ಚಿಪ್‌ನಲ್ಲಿ ಮೂರು ಧ್ವನಿಗಳಿವೆ, ಫಿಲ್ಟರ್ ಇದೆ, ಆ ಕಾಲದ ಬೇರೆ ಮನೆ ಕಂಪ್ಯೂಟರುಗಳು ನಾಚಬೇಕು ಅನ್ನುವಷ್ಟು ಚೆನ್ನಾಗಿ ನುಡಿಯುತ್ತದೆ. ಅದನ್ನು ರೂಪಿಸಿದ ಬಾಬ್ ಯಾನೆಸ್ ಆಮೇಲೆ ಎನ್ಸೋನಿಕ್ ಎಂಬ ಸಿಂಥಸೈಸರ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಅಂದರೆ ಸುಮ್ನೆ ಕೂತು ಮಾಡಿದ ಚಿಪ್ ಅಲ್ಲ. ಆದರೆ ಹೊರಗಿನ ಶಬ್ದವನ್ನು ಅಂಕಿಗಳಾಗಿ ಒಳಗೆ ತರಲು ದಾರಿ ಇಲ್ಲ. ಅಂಕಿಗಳನ್ನು ನೇರವಾಗಿ ಶಬ್ದ ಮಾಡಲು ಕೂಡ ಅಧಿಕೃತ ದಾರಿ ಇಲ್ಲ. ನನಗೆ ಬೇಕಿದ್ದದ್ದು ಇವೆರಡೂ: ಫೋನಿನಿಂದ ಕೊಳಲು ಒಳಗೆ ಹೋಗಬೇಕು, ಅದೇ ಕೊಳಲು ಟಿವಿ ಸ್ಪೀಕರಿನಲ್ಲಿ ಹೊರಗೆ ಬರಬೇಕು. ನಡುವೆ ಇರುವುದು 1 ಮೆಗಾಹರ್ಟ್ಸ್‌ಗೂ ಸ್ವಲ್ಪ ಕಡಿಮೆ ಓಡುವ ಪ್ರೊಸೆಸರ್ ಮತ್ತು 64 ಕೆಬಿ ಮೆಮೊರಿ.

ನಮ್ಮಲ್ಲಿ ಆಗ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೋ, 1984ರ ಕ್ಲಾಸ್ ಯೋಜನೆಯಲ್ಲಿ. ಕಮೋಡೋರ್‌ಗಳು ಬಂದಿದ್ದು ಹೆಚ್ಚಾಗಿ ಹೊರದೇಶದಿಂದ ಮರಳಿದವರ ಸೂಟ್‌ಕೇಸಿನಲ್ಲಿ. ನನ್ನದು ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ತಂದದ್ದು, ಕಂದು ಬಣ್ಣದ ದಪ್ಪ ಮಾದರಿ. ಪಾಲ್ (ನಮ್ಮ ಟಿವಿ ಪದ್ಧತಿಯ) ಯಂತ್ರವಾದ್ದರಿಂದ ನಮ್ಮ ಟಿವಿಗೂ ಕರೆಂಟಿಗೂ ಹೊಂದುತ್ತದೆ.

ಕರೆಂಟ್ ಅಂದಾಗ ಒಂದು ಮಾತು. ಅಟ್ಟದಿಂದ ಇಳಿಸಿದ ಕಮೋಡೋರ್‌ಗೆ ಅದರ ಹಳೇ ಅಡಾಪ್ಟರ್ ಚುಚ್ಚಿ ಸ್ವಿಚ್ ಹಾಕಬೇಡಿ. ಆ ಡಬ್ಬಿಯಿಂದ 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ ಎರಡೂ ಬರುತ್ತವೆ. ಒಳಗಿನ ರೆಗ್ಯುಲೇಟರ್ ಹಳೆಯದಾಗಿ ಕೆಟ್ಟಾಗ 5 ವೋಲ್ಟ್ ಮೇಲಕ್ಕೆ ಏರುತ್ತದೆ, ಮೊದಲು ಸಾಯುವುದು ಮೆಮೊರಿ ಚಿಪ್‌ಗಳು. ಡಬ್ಬಿಗೆ ಎಪಾಕ್ಸಿ ತುಂಬಿರುವುದರಿಂದ ಬಿಚ್ಚಿ ರಿಪೇರಿ ಮಾಡೋಣ ಅಂದರೂ ಆಗದು. ನಾನು ಒಂದು ಒಳ್ಳೆಯ 5 ವೋಲ್ಟ್ 3 ಆಂಪ್ ಎಸ್‌ಎಂಪಿಎಸ್ ಪವರ್ ಸಪ್ಲೈ ಮತ್ತು 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಸೇರಿಸಿ ಫ್ಯೂಸ್ ಸಮೇತ ಬೇರೆ ಡಬ್ಬಿ ಮಾಡಿಕೊಂಡೆ. ಹಳೆಯದು ಈಗ ಬಾಗಿಲಿಗೆ ಒತ್ತು ಕೊಡಲು ಚೆನ್ನಾಗಿದೆ.

ಶಬ್ದ ಹೊರಗೆ ಬರುವ ದಾರಿಯನ್ನು ಮೊದಲು ನೋಡಿ, ಯಾಕೆಂದರೆ ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಸಿಡ್ ಚಿಪ್‌ನ ವಾಲ್ಯೂಮ್ ಇರುವುದು 54296ನೇ ವಿಳಾಸದಲ್ಲಿ, 0ಯಿಂದ 15ರವರೆಗೆ. ಹಳೇ 6581 ಸಿಡ್‌ನಲ್ಲಿ ಏನೂ ನುಡಿಯದಿದ್ದಾಗಲೂ ಒಳಗೆ ಸ್ವಲ್ಪ ಡಿಸಿ ವೋಲ್ಟೇಜ್ ಉಳಿದಿರುತ್ತದೆ. ಹಾಗಾಗಿ ವಾಲ್ಯೂಮ್ ಬದಲಿಸಿದ ಕೂಡಲೇ ಹೊರಗಿನ ವೋಲ್ಟೇಜ್ ಕೂಡ ಬದಲಾಗುತ್ತದೆ, ಸ್ಪೀಕರ್ ಟಕ್ ಅನ್ನುತ್ತದೆ. ಬೇಸಿಕ್‌ನಲ್ಲಿ ಎರಡು ಸಾಲು ಬರೆದು 54296ಕ್ಕೆ ಒಮ್ಮೆ 15, ಒಮ್ಮೆ 0 ಪೋಕ್ ಮಾಡುತ್ತಾ (ಆ ವಿಳಾಸಕ್ಕೆ ಬರೆಯುತ್ತಾ) ಹೋಗಿ. ಗುರ್ ಅಂತ ಶಬ್ದ ಬಂತೋ, ನಿಮ್ಮ ಯಂತ್ರದಲ್ಲಿ 4 ಬಿಟ್‌ನ, ಅಂದರೆ 16 ಹಂತಗಳ, ಆಡಿಯೋ ಔಟ್‌ಪುಟ್ ಇದೆ ಅಂತ ಅರ್ಥ. ಅದು ಚಿಪ್ ಮಾಡಿದವರು ಕೊಟ್ಟ ಸೌಲಭ್ಯವಲ್ಲ, ಚಿಪ್‌ನ ದೋಷ. ಆ ದೋಷದ ಮೇಲೆಯೇ ಎಷ್ಟೋ ಆಟಗಳು ಮಾತಾಡಿದವು, ಡ್ರಮ್ ಬಾರಿಸಿದವು.

ಒಳಗೆ ಬರುವ ದಾರಿಗೆ ಮಾತ್ರ ಬೆಸುಗೆ ಕೆಲಸ ಬೇಕು. ಆಟದ ಪ್ಯಾಡಲ್‌ಗೆಂದು ಸಿಡ್‌ನಲ್ಲೇ ಒಂದು ಅಳತೆಯ ವ್ಯವಸ್ಥೆ ಇದೆ, ಆದರೆ ಒಂದು ಸಲ ಅಳೆಯಲು ಅದಕ್ಕೆ 512 ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ಬೇಕು. ಸೆಕೆಂಡಿಗೆ 2000 ಸಲ ಕೂಡ ಆಗುವುದಿಲ್ಲ. ಕೊಳಲಿಗೆ ಅದು ಸಾಲದು. ಹಾಗಾಗಿ ಯಂತ್ರದ ಹಿಂಬದಿಯಲ್ಲಿರುವ ಯೂಸರ್ ಪೋರ್ಟ್‌ಗೆ ಎಡಿಸಿ0804 ಹಾಕಿದೆ. ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಹಳೇ ಕಾಲದ 8 ಬಿಟ್ ಚಿಪ್, ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಮೈಕ್ರೊಕಂಟ್ರೋಲರ್ ಪಾಠಕ್ಕೆ ಬಳಸುವುದರಿಂದ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಈಗಲೂ ಸಿಗುತ್ತದೆ.

ಈ ಚಿಪ್ ಕಮೋಡೋರ್‌ಗೆ ಹೊಂದುವ ರೀತಿ ನೋಡಿದರೆ ಖುಷಿಯಾಗುತ್ತದೆ. ಯೂಸರ್ ಪೋರ್ಟ್‌ನ ಎಂಟು ಡೇಟಾ ಗೆರೆಗಳನ್ನು 56577ನೇ ವಿಳಾಸದಲ್ಲಿ ಓದಬಹುದು. ಪ್ರತಿಸಲ ಓದಿದಾಗ ಪೋರ್ಟ್‌ನ 8ನೇ ಪಿನ್, ಅಂದರೆ ಪಿಸಿ2, ಒಂದು ಸೈಕಲ್ ಕಾಲ ತಾನಾಗಿ ಕೆಳಗಿಳಿದು ಮೇಲೆ ಬರುತ್ತದೆ. ಆ ಪಿನ್ನನ್ನು ಎಡಿಸಿಯ ರೈಟ್ (WR) ಪಿನ್‌ಗೆ ಕೊಟ್ಟರೆ ಸಾಕು. ಹೋದ ಸಲದ ಅಳತೆ ಓದಿಕೊಂಡಿದ್ದೇ ಮುಂದಿನ ಅಳತೆ ಶುರುವಾಗುತ್ತದೆ. ಬೇರೆ ಯಾವ ಕಂಟ್ರೋಲ್ ವೈರೂ ಬೇಡ. ಚಿಪ್ ಸೆಲೆಕ್ಟ್ ಮತ್ತು ರೀಡ್ ಪಿನ್‌ಗಳು ನೇರ ಗ್ರೌಂಡಿಗೆ. ಓದುವುದು ಯಾವಾಗಲೂ ಒಂದು ಹೆಜ್ಜೆ ಹಿಂದಿನ ಬೆಲೆ ಅನ್ನುವುದು ನೆನಪಿದ್ದರೆ ಆಯಿತು. ಬೇಸಿಕ್‌ನಲ್ಲಿ ಪರೀಕ್ಷೆ ಮಾಡುವಾಗ ಎರಡು ಸಲ ಪೀಕ್ ಮಾಡಿ (ಓದಿ), ಎರಡನೆಯದನ್ನು ನಂಬಿ.

ಕನೆಕ್ಟರ್ 3.96 ಮಿಲಿಮೀಟರ್ ಅಂತರದ್ದು, ಮೇಲೆ 12, ಕೆಳಗೆ 12. ಅದೇ ಅಳತೆಯದು ಸಿಗಲಿಲ್ಲ. ಉದ್ದದ್ದು ತಂದು ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ದು ಅಂಚು ಉಜ್ಜಿದೆ. ಕೆಳಸಾಲಿನ ಪಿನ್‌ಗಳಿಗೆ ಅಕ್ಷರದ ಹೆಸರು: ಡೇಟಾ ಇರುವುದು ಸಿ ಇಂದ ಎಲ್‌ವರೆಗೆ, ನಡುವೆ ಜಿ ಮತ್ತು ಐ ಅನ್ನುವ ಅಕ್ಷರಗಳೇ ಇಲ್ಲ. ಎಣಿಸುವಾಗ ಹುಷಾರು. ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಮೇಲ್ಸಾಲಿನ 10 ಮತ್ತು 11. ಅಲ್ಲಿ ನೇರವಾಗಿ 9 ವೋಲ್ಟ್ ಎಸಿ ಇದೆ. ಅದು ಪಕ್ಕದ ಡೇಟಾ ಗೆರೆಗೆ ತಾಗಿದರೆ ಪೋರ್ಟನ್ನೂ ಟೈಮರನ್ನೂ ನೋಡಿಕೊಳ್ಳುವ ಸಿಐಎ ಚಿಪ್ ಹೋಯಿತು ಅಂತಲೇ. ನಾನು ಆ ಎರಡು ಪಿನ್‌ಗಳನ್ನು ಕನೆಕ್ಟರಿನಿಂದಲೇ ಕಿತ್ತು ತೆಗೆದೆ. 5 ವೋಲ್ಟ್ 2ನೇ ಪಿನ್‌ನಲ್ಲಿ ಸಿಗುತ್ತದೆ, 100 ಮಿಲಿಆಂಪ್‌ವರೆಗೆ. ನಮಗೆ ಅದರ ಕಾಲುಭಾಗವೂ ಬೇಡ.

ಫೋನಿನಿಂದ ಬರುವುದು ಹೆಚ್ಚೆಂದರೆ ಒಂದು ವೋಲ್ಟ್ ಆಸುಪಾಸಿನ ಸಿಗ್ನಲ್, ಅದನ್ನು ದೊಡ್ಡದು ಮಾಡಬೇಕು. ಎಲ್‌ಎಂ358 ಎಂಬ ಆಂಪ್ಲಿಫೈಯರ್ ಚಿಪ್ ಹಾಕಿದೆ. 5 ವೋಲ್ಟ್ ಕೊಟ್ಟರೆ ಅದರ ಔಟ್‌ಪುಟ್ 3.5 ವೋಲ್ಟ್‌ಗಿಂತ ಮೇಲೇರುವುದಿಲ್ಲ. ಪರವಾಗಿಲ್ಲ, ಎಡಿಸಿಯನ್ನೇ ಅದಕ್ಕೆ ಒಗ್ಗಿಸಬಹುದು. ಎಡಿಸಿ0804ರ 9ನೇ ಪಿನ್‌ಗೆ ಎಷ್ಟು ವೋಲ್ಟ್ ಕೊಡುತ್ತೀರೋ ಅದರ ಎರಡರಷ್ಟು ಅದರ ಪೂರ್ತಿ ಅಳತೆ. 22ಕೆ ಮತ್ತು 10ಕೆ ರೆಸಿಸ್ಟರ್‌ಗಳಿಂದ 5 ವೋಲ್ಟನ್ನು ಹಂಚಿದರೆ 1.56 ವೋಲ್ಟ್. ಎಲ್‌ಎಂ358ರೊಳಗೆ ಎರಡು ಆಂಪ್ ಇವೆಯಲ್ಲ, ಒಂದನ್ನು ಬಫರ್ ಮಾಡಿ ಈ 1.56ನ್ನು ಗಟ್ಟಿ ಮಾಡಿಕೊಂಡೆ. ಅದೇ ವೋಲ್ಟೇಜ್ 9ನೇ ಪಿನ್‌ಗೂ ಹೋಯಿತು, ಎರಡನೇ ಆಂಪ್‌ನ ನಡುಮಟ್ಟಕ್ಕೂ ಹೋಯಿತು. ಪೂರ್ತಿ ಅಳತೆ 3.12, ನಡುಮಟ್ಟ 1.56. ಸಂಗೀತ ಇಲ್ಲದಾಗ ಎಡಿಸಿ ತಾನಾಗಿ 128ರ ಹತ್ತಿರ ನಿಲ್ಲುತ್ತದೆ, ತಿರುಗಿಸಿ ಸರಿಮಾಡಬೇಕಾದ ಪ್ರಿಸೆಟ್ ಇಲ್ಲ. ಎರಡನೇ ಆಂಪ್ ಇನ್ವರ್ಟಿಂಗ್. ಒಳಗೆ 1 ಮೈಕ್ರೋಫ್ಯಾರಡ್ ಮತ್ತು 10ಕೆ, ಫೀಡ್‌ಬ್ಯಾಕ್‌ಗೆ 100ಕೆ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಎಲ್‌ಎಂ358 ಆಡಿಯೋಗೆ ಒಳ್ಳೆಯದಲ್ಲ ಅಂತ ಹೇಳುವವರಿದ್ದಾರೆ. ಸರಿಯೇ. ಆದರೆ ಕೊನೆಗೆ 16 ಹಂತಕ್ಕೆ ಇಳಿಸುವ ಕಡೆ ಅದರ ದೋಷ ಯಾರಿಗೂ ಕೇಳಿಸದು.

ಆಂಪ್ ಮತ್ತು ಎಡಿಸಿ ನಡುವೆ 4.7ಕೆ ಮತ್ತು 10 ನ್ಯಾನೋಫ್ಯಾರಡ್, ಸುಮಾರು 3.4 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ತಗ್ಗಿಸಲು. ಬೋರ್ಡಿನ 5 ವೋಲ್ಟ್ ಗಲೀಜಾಗಿರುತ್ತದೆ, ಆಂಪ್‌ಗೆ 10 ಓಮ್ ಮತ್ತು 100 ಮೈಕ್ರೋಫ್ಯಾರಡ್ ದಾಟಿಸಿಯೇ ಕೊಡಿ.

ಆಡಿಯೋ ಕೊಡುವ ಮುಂಚೆ ಎಡಿಸಿಯ ಇನ್‌ಪುಟ್‌ಗೆ ಒಂದು ಪಾಟ್ ಕಟ್ಟಿ ನಿಧಾನವಾಗಿ ತಿರುಗಿಸುತ್ತಾ ಬೆಲೆಗಳನ್ನು ಸ್ಕ್ರೀನಿಗೆ ಪ್ರಿಂಟ್ ಮಾಡಿ ನೋಡಿದೆ. 12, 13, 14, 15 ಬಂತು, 16 ಬರಬೇಕಾದಲ್ಲಿ ಮತ್ತೆ 0, 1, 2. ಹದಿನೈದು ಮುಗಿದ ಮೇಲೆ ನೇರ 32. ಮುಂದೆಯೂ ಅದೇ ಕಥೆ: 48 ಬರಬೇಕಾದಲ್ಲಿ 32. ಅಂದರೆ 16ರ ಬಿಟ್ ಯಾವಾಗಲೂ ಸೊನ್ನೆ. ವೈರ್ ಸರಿ ಇತ್ತು, ಚಿಪ್‌ನ ಕಾಲಿನಲ್ಲೇ ವೋಲ್ಟೇಜ್ ಏಳುತ್ತಿರಲಿಲ್ಲ. ಚಿಪ್ ಮೇಲಿನ ಹೆಸರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿ ಮತ್ತೆ ಅಚ್ಚು ಹಾಕಿದ ಗುರುತು. ಅಂಗಡಿಯವರು ಮಾತಿಲ್ಲದೆ ಬೇರೆ ಕೊಟ್ಟರು, ಹಾಗೆ ಕೊಟ್ಟದ್ದರಲ್ಲೇ ಗೊತ್ತಾಯಿತು ನಾನು ಮೊದಲನೆಯವನಲ್ಲ ಅಂತ. ಇಂಥ ಚಿಪ್‌ಗಳಿಗೆ ಸಾಕೆಟ್ ಹಾಕದೆ ಬೆಸೆಯಬೇಡಿ.

ಎಡಿಸಿಯ ಗಡಿಯಾರಕ್ಕೆ ಡೇಟಾಶೀಟ್‌ನಲ್ಲಿ 10ಕೆ ಮತ್ತು 150 ಪಿಕೋಫ್ಯಾರಡ್ ತೋರಿಸಿದ್ದಾರೆ, ಸುಮಾರು 606 ಕಿಲೋಹರ್ಟ್ಸ್. ಒಂದು ಅಳತೆಗೆ 120 ಮೈಕ್ರೋಸೆಕೆಂಡ್‌ವರೆಗೂ ಹೋಗಬಹುದು. ಅಷ್ಟು ಹೊತ್ತಿನಲ್ಲಿ ಸಂಗೀತದ ಅಲೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ, ಸಿಗ್ನಲ್ಲನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಈ ಚಿಪ್‌ನಲ್ಲಿ ಇಲ್ಲ. ಕೆಪಾಸಿಟರನ್ನು 68 ಪಿಕೋಫ್ಯಾರಡ್ ಮಾಡಿದೆ. ಗಡಿಯಾರ 1.3 ಮೆಗಾಹರ್ಟ್ಸ್ ದಾಟುತ್ತದೆ, ಗರಿಷ್ಠ ಮಿತಿ 1.46ರ ಒಳಗೇ. ಅಳತೆ 55 ಮೈಕ್ರೋಸೆಕೆಂಡಿಗೆ ಮುಗಿಯುತ್ತದೆ. ಕೊನೆಯ ಬಿಟ್‌ನ ನಿಖರತೆ ಸ್ವಲ್ಪ ಕೆಡಬಹುದು. ನಮಗೆ ಬೇಕಿರುವುದು ಮೇಲಿನ ಬಿಟ್‌ಗಳು.

ಈಗ ಪ್ರೋಗ್ರಾಂ. ಪಾಲ್ ಯಂತ್ರದಲ್ಲಿ ಪ್ರೊಸೆಸರ್ ಸೆಕೆಂಡಿಗೆ 9,85,248 ಸೈಕಲ್ ಓಡುತ್ತದೆ. ಸಿಐಎ ಟೈಮರ್‌ಗೆ 125 ತುಂಬಿದರೆ ಪ್ರತಿ 126 ಸೈಕಲ್‌ಗೆ ಒಂದು ಎನ್‌ಎಂಐ ಇಂಟರಪ್ಟ್ (ಪ್ರೊಸೆಸರನ್ನು ತಡೆದು ಬೇರೆ ಕೆಲಸಕ್ಕೆ ಕರೆಯುವ ಸಂಕೇತ), ಅಂದರೆ ಸೆಕೆಂಡಿಗೆ 7819 ಸ್ಯಾಂಪಲ್ (ಒಂದೊಂದು ಅಳತೆ). ರೆಕಾರ್ಡ್ ಮಾಡುವಾಗ ಇಂಟರಪ್ಟ್ ಬಂದ ಕೂಡಲೇ 56577 ಓದು, ಎರಡು ಸ್ಯಾಂಪಲ್ ಸೇರಿಸಿ ಒಂದು ಬೈಟ್ ಮಾಡಿ ಇಡು. ನುಡಿಸುವಾಗ ಸಿದ್ಧ ಇರುವ ಸ್ಯಾಂಪಲ್ಲನ್ನು ಮೊದಲು 54296ಕ್ಕೆ ಕಳಿಸು, ಆಮೇಲೆ ಮುಂದಿನದನ್ನು ಬಿಡಿಸಿಕೋ. ಈ ಕ್ರಮ ತಿರುಗಿಸಿದರೆ ಬೈಟಿನ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಬೇರೆ ಬೇರೆ ಹೊತ್ತು ಹಿಡಿಯುತ್ತದೆ. ಬೇಸಿಕ್ ಭಾಷೆ ಕೂತಿರುವ ರೋಮ್ (ROM) ಅನ್ನು ಪಕ್ಕಕ್ಕೆ ಸರಿಸಿ 4096ರಿಂದ 53247ರವರೆಗೆ ಸಂಗೀತಕ್ಕೆ ಬಿಟ್ಟೆ. 48 ಕೆಬಿ, ಹನ್ನೆರಡೂವರೆ ಸೆಕೆಂಡ್.

ಮೊದಲ ರೆಕಾರ್ಡಿಂಗ್ ಕೊಳಲು. ಬಂತು! ಹಿಸ್ ಅಂತ ಶಬ್ದದ ಹಿಂದೆ, ಆದರೆ ಕೊಳಲೇ. ಪಕ್ಕದ ಕೋಣೆಯಿಂದ ಹೆಂಡತಿ ಬಂದು "ಇದೇನ್ರೀ, ರೇಡಿಯೋ ಸ್ಟೇಷನ್ ಸರಿಯಾಗಿ ಹಿಡೀತಿಲ್ವಾ?" ಅಂದಳು. ಅಷ್ಟು ಸಾಕಿತ್ತು ನನಗೆ.

ತಲೆ ಕೆಡಿಸಿದ್ದು ಇದಾದ ಮೇಲೆ. ಅದೇ ರೆಕಾರ್ಡಿಂಗ್, ಅದೇ ಪ್ರೋಗ್ರಾಂ. ಒಮ್ಮೆ ರನ್ ಮಾಡಿದರೆ ಚೆನ್ನಾಗಿ ಬರುತ್ತದೆ, ಇನ್ನೊಮ್ಮೆ ರನ್ ಮಾಡಿದರೆ ಕೊಳಲಿನ ಜೊತೆಗೇ ಒಂದು ಒರಟು ಕೀಂ ಶಬ್ದ ಅಂಟಿಕೊಂಡು ಬರುತ್ತದೆ. ಶುರುವಿನಲ್ಲಿ ಇದ್ದರೆ ಕೊನೆವರೆಗೂ ಇರುತ್ತದೆ, ಇಲ್ಲದಿದ್ದರೆ ಕೊನೆವರೆಗೂ ಇಲ್ಲ. ಗ್ರೌಂಡ್ ಸಮಸ್ಯೆ ಅಂದುಕೊಳ್ಳುವುದು ಸುಲಭ, ಆದರೆ ಗ್ರೌಂಡ್ ಹಮ್ ಸಂಗೀತ ನಿಂತಾಗಲೂ ಇರಬೇಕಲ್ವಾ? ಇದು ಕೊಳಲು ನಿಂತ ಕಡೆ ತಾನೂ ನಿಲ್ಲುತ್ತಿತ್ತು. ಜೋರು ಸ್ವರಕ್ಕೆ ಜೋರಾಗುತ್ತಿತ್ತು. ಅಂದರೆ ಹೊರಗಿನಿಂದ ಸೇರುತ್ತಿರುವ ಶಬ್ದವಲ್ಲ. ಸ್ಯಾಂಪಲ್‌ಗಳೇ ತಪ್ಪು ಹೊತ್ತಿಗೆ ಹೊರಡುತ್ತಿವೆ. 53265ಕ್ಕೆ 11 ಪೋಕ್ ಮಾಡಿ ಸ್ಕ್ರೀನ್ ಆರಿಸಿ ನೋಡಿದೆ. ಎಷ್ಟು ಸಲ ರನ್ ಮಾಡಿದರೂ ಸ್ವಚ್ಛ.

ಸ್ಕ್ರೀನ್ ಮೂಡಿಸುವ ವಿಕ್ ಚಿಪ್, ಅಕ್ಷರಗಳ ಒಂದು ಸಾಲು ಶುರುವಾಗುವಾಗ, ಅಂದರೆ ಪ್ರತಿ ಎಂಟನೇ ಗೆರೆಯಲ್ಲಿ, ಪ್ರೊಸೆಸರನ್ನು 40ರಿಂದ 43 ಸೈಕಲ್ ನಿಲ್ಲಿಸಿ ತಾನು ಮೆಮೊರಿ ಓದುತ್ತದೆ. ಅದಕ್ಕೆ ಬ್ಯಾಡ್ ಲೈನ್ ಅನ್ನುತ್ತಾರೆ. ಆ ಹೊತ್ತಿಗೆ ಇಂಟರಪ್ಟ್ ಬಂದರೆ ಸ್ಯಾಂಪಲ್ ಕಾಯಬೇಕು. 128 ಮೈಕ್ರೋಸೆಕೆಂಡಿಗೊಂದು ಹೋಗಬೇಕಾದ ಸ್ಯಾಂಪಲ್ 40 ಮೈಕ್ರೋಸೆಕೆಂಡ್ ತಡವಾದರೆ ಅಲೆಯ ಆಕಾರವೇ ಮುರಿಯುತ್ತದೆ. ಇದು ಪುಸ್ತಕದಲ್ಲಿರುವ ವಿಷಯ. ಆದರೆ ಕೆಲವು ಸಲ ಮಾತ್ರ ಯಾಕೆ?

ಉತ್ತರ ಇದ್ದದ್ದು 126ರಲ್ಲಿ. ಟಿವಿಯ ಒಂದು ಗೆರೆಗೆ 63 ಸೈಕಲ್. 126 ಅಂದರೆ ಸರಿಯಾಗಿ ಎರಡು ಗೆರೆ. ಒಂದು ಫ್ರೇಮ್‌ಗೆ 312 ಗೆರೆ, ಅದೂ ಸಮಸಂಖ್ಯೆ. ಹಾಗಾಗಿ ಟೈಮರ್ ಒಮ್ಮೆ ಸಮಸಂಖ್ಯೆಯ ಗೆರೆಯಲ್ಲಿ ಶುರುವಾಯಿತೋ, ಕೊನೆವರೆಗೂ ಸಮಗೆರೆಯಲ್ಲೇ, ಅದೇ ಜಾಗದಲ್ಲೇ ಬಡಿಯುತ್ತದೆ. ಬೆಸದಲ್ಲಿ ಶುರುವಾದರೆ ಕೊನೆವರೆಗೂ ಬೆಸ. ಬ್ಯಾಡ್ ಲೈನ್‌ಗಳು ಮಾಮೂಲಿ ಸ್ಕ್ರೀನಿನಲ್ಲಿ 51, 59, 67 ಹೀಗೆ ಎಲ್ಲವೂ ಬೆಸ. ನಾನು ರಿಟರ್ನ್ ಒತ್ತಿದ ಗಳಿಗೆಯಲ್ಲಿ ಸ್ಕ್ರೀನ್ ಯಾವ ಗೆರೆಯಲ್ಲಿತ್ತು ಅನ್ನುವುದರ ಮೇಲೆ ಪೂರ್ತಿ ಹಾಡಿನ ಹಣೆಬರಹ ನಿಂತಿತ್ತು. ಬೆಸಗೆರೆಗೆ ಬಿದ್ದಾಗ ಪ್ರತಿ ನಾಲ್ಕನೇ ಸ್ಯಾಂಪಲ್ ತಡ. ಸೆಕೆಂಡಿಗೆ 1955 ಸಲ ಅದೇ ಏಟು. ಕೀಂ ಅನ್ನುತ್ತಿದ್ದದ್ದು ಅದೇ. ಸ್ಕ್ರೀನಿನ ಮೇಲಂಚು ಕೆಳಂಚಿನಲ್ಲಿ ಬ್ಯಾಡ್ ಲೈನ್ ಇಲ್ಲದ ಕಾರಣ ಅದು ಸೆಕೆಂಡಿಗೆ 50 ಸಲ ನಿಂತು ನಿಂತು ಬರುತ್ತಿತ್ತು, ಒರಟುತನ ಅದರದ್ದು.

ರಿಪೇರಿಗೆ ಹಿಡಿದದ್ದು ಕೆಲವೇ ಸೂಚನೆಗಳು. 53266ರಲ್ಲಿ ಈಗಿನ ಗೆರೆಯ ಸಂಖ್ಯೆ ಸಿಗುತ್ತದೆ. ಅದು ಬೆಸದಿಂದ ಸಮಕ್ಕೆ ತಿರುಗುವವರೆಗೆ ಕಾದು, ತಿರುಗಿದ ತಕ್ಷಣ ಟೈಮರ್ ಶುರು ಮಾಡು. ಅಷ್ಟೇ. ಸ್ಕ್ರೀನ್ ಆರಿಸಬೇಕಿಲ್ಲ, ನುಡಿಸುತ್ತಲೇ ಅಲೆಯ ಚಿತ್ರ ಬಿಡಿಸಬಹುದು, ಕೀಂ ಇಲ್ಲ. ಇದೇ ಕಾರಣಕ್ಕೆ 8000 ಹರ್ಟ್ಸ್ ಸುತ್ತು ಸಂಖ್ಯೆ ಬೇಕು ಅಂತ 126ರ ಬದಲು 123 ಇಡಲು ಹೋಗಬೇಡಿ. ಆಗ ಸ್ಯಾಂಪಲ್ ಗೆರೆಗಳ ಮೇಲೆ ಜಾರುತ್ತಾ ಹೋಗುತ್ತದೆ, ಕೀಂ ಎಲ್ಲ ಸಲವೂ ಬರುತ್ತದೆ. ರೆಕಾರ್ಡಿಂಗ್‌ಗೂ ಇದೇ ನಿಯಮ. ಅಲ್ಲಿ ತಪ್ಪು ಹೊತ್ತಿಗೆ ಅಳೆದರೆ ಆ ಕೊರತೆ ಮೆಮೊರಿಯಲ್ಲೇ ಕೂತುಬಿಡುತ್ತದೆ. ರೆಕಾರ್ಡ್ ಮಾಡುವಾಗ ನಾನು ಸ್ಕ್ರೀನನ್ನೂ ಆರಿಸಿಬಿಡುತ್ತೇನೆ, ನೋಡಲು ಏನೂ ಇಲ್ಲ.

ನನ್ನ ಕಿವಿಗೆ ಹೇಳುವುದಾದರೆ, ಹೊತ್ತು ಸರಿ ಇರುವ 4 ಬಿಟ್, ಹೊತ್ತು ತಪ್ಪುವ 8 ಬಿಟ್‌ಗಿಂತ ಎಷ್ಟೋ ಮೇಲು. ಈ ಯಂತ್ರದ ಸಂಗೀತ ಚೆನ್ನಾಗಿಲ್ಲ ಅಂದರೆ ಎಲ್ಲರೂ ಬಿಟ್‌ಗಳನ್ನು ದೂರುತ್ತಾರೆ. ಮೊದಲು ಟೈಮರ್ ನೋಡಿ.

ಉಳಿದದ್ದು ಹಿಸ್. 16 ಹಂತ ಅಂದರೆ ಲೆಕ್ಕದಲ್ಲಿ ಸಿಗ್ನಲ್ಲಿಗೂ ಗದ್ದಲಕ್ಕೂ ಅಂತರ 26 ಡೆಸಿಬೆಲ್ ಮಾತ್ರ. ಹಂತ ಹೆಚ್ಚಿಸಲಾಗದು, ಆದರೆ ಗದ್ದಲವನ್ನು ಸ್ವಲ್ಪ ಸರಿಸಬಹುದು. ಎಡಿಸಿ ಕೊಡುವುದು 8 ಬಿಟ್, ಕೆಳಗಿನ 4ನ್ನು ಸುಮ್ನೆ ಎಸೆಯುತ್ತಿದ್ದೆವು. ಈಗ ಅದನ್ನು ಎಸೆಯದೆ ಮುಂದಿನ ಸ್ಯಾಂಪಲ್ಲಿಗೆ ಕೂಡುವುದು. ಬಸ್ ಕಂಡಕ್ಟರ್ ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬರೆದುಕೊಟ್ಟು, ಮುಂದಿನ ಸ್ಟಾಪಿನಲ್ಲಿ ತೀರಿಸುತ್ತಾರಲ್ಲ, ಹಾಗೆ. ಒಂದೊಂದು ಸ್ಯಾಂಪಲ್ ತಪ್ಪಿದರೂ ಒಟ್ಟು ಲೆಕ್ಕ ಸರಿಹೋಗುತ್ತದೆ. ಗದ್ದಲ ಮೇಲಿನ ಆವರ್ತನಗಳ ಕಡೆಗೆ ಹೋಗುತ್ತದೆ. ಕೂಡಿದಾಗ 255 ದಾಟಿದರೆ 255ಕ್ಕೇ ನಿಲ್ಲಿಸಬೇಕು, ಇಲ್ಲದಿದ್ದರೆ ಜೋರು ಸ್ವರದಲ್ಲಿ ಪಟ್ ಅನ್ನುತ್ತದೆ. ಇದಕ್ಕೆ ಬೇಕಾಗುವ ಸೈಕಲ್‌ಗಳು 126ರೊಳಗೆ ಆರಾಮಾಗಿ ಹಿಡಿಸುತ್ತವೆ. ಟಿವಿಯಲ್ಲಿ ಟ್ರೆಬಲ್ ತುಸು ಇಳಿಸಿದರೆ ಕೊಳಲಿನ ಸ್ವರ ಕರಗುವ ಕೊನೆಯ ಭಾಗ ಕೂಡ ಕೇಳುತ್ತದೆ. ಮುಂಚೆ ಅದು ಎರಡು ಹಂತಗಳ ನಡುವೆ ಕರಕರ ಅಂದು ಸಾಯುತ್ತಿತ್ತು.

ಏನೇನು ಚೆನ್ನಾಗಿ ಬರುತ್ತದೆ ಅಂತ ಕೇಳಿದರೆ, ಮೃದಂಗ ಮೊದಲು. ಏಟು ಜೋರಾಗಿದ್ದಾಗ ಹಿಸ್ ಮುಚ್ಚಿಹೋಗುತ್ತದೆ. ಡೊಳ್ಳು ಅದಕ್ಕಿಂತಲೂ ಸುಲಭ. ತಂಬೂರಿ ಮಾತ್ರ ಚಪ್ಪೆ, ಅದರ ಜೀವ ಇರುವುದೇ ಮೇಲಿನ ಆವರ್ತನಗಳಲ್ಲಿ, ನಾವು ಕತ್ತರಿಸಿರುವುದೂ ಅವನ್ನೇ. ತಾಳ ಇರುವ ಭಜನೆಯಲ್ಲಿ ಒಂದು ತಮಾಷೆ ಆಯಿತು. ಟಿಂಗ್ ಅನ್ನಬೇಕಾದದ್ದು ಕೆಳಗಿನ ಇನ್ಯಾವುದೋ ಅಪಸ್ವರವಾಗಿ ಬಂತು. 3.9 ಕಿಲೋಹರ್ಟ್ಸ್‌ನಿಂದ ಮೇಲಿನದ್ದು ಮಡಚಿಕೊಂಡು ಕೆಳಗೆ ಬೀಳುತ್ತಿದೆ, ಒಂದೇ ಆರ್‌ಸಿ ಫಿಲ್ಟರ್ ಅದನ್ನು ತಡೆಯಲಾರದು. ಇನ್‌ಪುಟ್ ಕಡೆಯೂ ಒಂದು ಹಾಕಿದ ಮೇಲೆ ಸುಮಾರಾಗಿ ಅಡಗಿದೆ. ಫೋನಿನಲ್ಲೇ ಈಕ್ವಲೈಸರ್‌ನಿಂದ ಮೇಲಿನದನ್ನು ಇಳಿಸಿ ಕಳಿಸುವುದು ಇನ್ನೂ ಸುಲಭ.

ಉಳಿಸಿಕೊಳ್ಳುವುದು ಎಸ್‌ಡಿ ಕಾರ್ಡ್ ಹಾಕುವ ಡ್ರೈವ್‌ನಲ್ಲಿ. 1541 ಡಿಸ್ಕ್ ಡ್ರೈವ್ ಇದ್ದವರಿಗೆ ಲೆಕ್ಕ ಹೀಗಿದೆ: ಒಂದು ರೆಕಾರ್ಡಿಂಗ್‌ಗೆ 194 ಬ್ಲಾಕ್, ಡಿಸ್ಕಿನ ಒಂದು ಬದಿಯಲ್ಲಿ 664 ಬ್ಲಾಕ್, ಮೂರು ಹಿಡಿಯುತ್ತವೆ. ಫಾಸ್ಟ್‌ಲೋಡರ್ (ಡಿಸ್ಕ್ ಓದುವುದನ್ನು ವೇಗ ಮಾಡುವ ಪ್ರೋಗ್ರಾಂ) ಇಲ್ಲದಿದ್ದರೆ ಸೆಕೆಂಡಿಗೆ 400 ಬೈಟ್ ಆಸುಪಾಸು, ಹನ್ನೆರಡು ಸೆಕೆಂಡಿನ ಕೊಳಲಿಗೆ ಎರಡು ನಿಮಿಷ ಕಾಯಬೇಕು. ಕಾಫಿ ಕುಡಿದು ಬನ್ನಿ.

ನಿಮ್ಮದು ಆಮೇಲೆ ಬಂದ ತೆಳ್ಳಗಿನ ಬಿಳಿ ಮಾದರಿಯಾದರೆ ಒಳಗೆ 8580 ಸಿಡ್ ಇರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಆ ಡಿಸಿ ದೋಷವನ್ನು ಬಹಳ ಕಡಿಮೆ ಮಾಡಿದ್ದಾರೆ, ಸಂಗೀತ ಸೊಳ್ಳೆ ಗುಂಯ್‌ಗುಟ್ಟುವಷ್ಟೇ ಬರುತ್ತದೆ. ಚಿಪ್‌ನ 26ನೇ ಪಿನ್, ಅಂದರೆ ಹೊರಗಿನ ಆಡಿಯೋ ಇನ್‌ಪುಟ್‌ನಿಂದ ಗ್ರೌಂಡಿಗೆ 330ಕೆ ರೆಸಿಸ್ಟರ್ ಹಾಕಿದರೆ ಡಿಸಿ ಮರಳಿ ಬಂದು ಶಬ್ದ ಏರುತ್ತದೆ. ಬೋರ್ಡಿನ ಅಡಿಯಲ್ಲಿ ಬೆಸೆಯಿರಿ, ಚಿಪ್‌ನ ಕಾಲಿಗೇ ಬೆಸುಗೆ ಹಚ್ಚಬೇಡಿ. 8580ಕ್ಕೆ 9 ವೋಲ್ಟ್, 6581ಕ್ಕೆ 12 ವೋಲ್ಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ ನೋಡುವ ಪ್ರಯೋಗ ಮಾತ್ರ ಬೇಡ.